ನೆತ್ತಿ ಕೂಡಿದ ಮೇಲೆ

ಬ್ಯಾಡಗಿಯಲ್ಲಿ ಕೂಸು ಹುಟ್ಟಿದರೆ ಸುದ್ದಿ ಮೊದಲು ಹೋಗುತ್ತಿದ್ದುದು ಮೈಮುನಾಬಿಗೆ. ಕೂಸಿನ ಅಪ್ಪನಿಗೆ ಆಮೇಲೆ ತಿಳಿಸಿದರೂ ನಡೆಯುತ್ತಿತ್ತು. ಆಕೆ ಸೂಲಗಿತ್ತಿಯಲ್ಲ. ಹೆರಿಗೆ ಮನೆಯಲ್ಲಾಯಿತೋ ದವಾಖಾನೆಯಲ್ಲಾಯಿತೋ ಅದರ ಗೊಡವೆ ಆಕೆಗೆ ಬೇಡ. ಹುಟ್ಟಿದ ಕೂಸಿಗೆ ಎಣ್ಣೆ ತೀಡಿ ನೀರೆರೆಯುವುದಷ್ಟೇ ಆಕೆಯ ಕೆಲಸ. ಬಚ್ಚಲಲ್ಲಿ ಮಣೆ ಹಾಕಿ, ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಳೆಂದರೆ ಮನೆಯ ಯಜಮಾನನೂ ಆ ಕಡೆ ದನಿ ಎತ್ತುತ್ತಿರಲಿಲ್ಲ. ಮೂಗು ತಿದ್ದುವುದು, ತಲೆ ದುಂಡಗೆ ಮಾಡುವುದು, ಕೈಗಳನ್ನು ಎದೆಯ ಮೇಲೆ ಕತ್ತರಿ ಹಾಕಿ ಎಳೆಯುವುದು, ಕೊನೆಗೆ ನೆತ್ತಿಗೆ ಅಂಗೈ ತುಂಬ ಎಣ್ಣೆ ಕುಡಿಸುವುದು, ಎಲ್ಲಕ್ಕೂ ಒಂದು ಕ್ರಮವಿತ್ತು.

"ದೇವರು ಬರೇ ಹಿಟ್ಟು ನಾದಿ ಕಳಸ್ತಾನವಾ, ರೊಟ್ಟಿ ತಟ್ಟಾಕಿ ನಾನು" ಎಂದು ಆಕೆ ಬಾಣಂತಿಯರಿಗೆ ಹೇಳುತ್ತಿದ್ದಳು. ಹಿಂದೂಗಳ ಮನೆಯಲ್ಲಿ ದೇವರು ಅನ್ನುತ್ತಿದ್ದಳು, ಮುಸಲ್ಮಾನರ ಮನೆಯಲ್ಲಿ ಅಲ್ಲಾ ಅನ್ನುತ್ತಿದ್ದಳು. ರೊಟ್ಟಿ ತಟ್ಟುವವಳು ಮಾತ್ರ ಎರಡೂ ಕಡೆ ತಾನೇ ಆಗಿರುತ್ತಿದ್ದಳು. ಆಕೆಯ ಹೆಸರು ಅಗಡಿ, ಮೋಟೆಬೆನ್ನೂರು ದಾಟಿ ಹಾವೇರಿಯವರೆಗೂ ಹೋಗಿತ್ತು. ಒಮ್ಮೆ ಹಾವೇರಿಯ ವಕೀಲರೊಬ್ಬರ ಮನೆಯಿಂದ ಆಕೆಯನ್ನು ಕರೆದೊಯ್ಯಲು ಜೀಪು ಬಂದಿತ್ತು. ಆ ಜೀಪಿನ ಮಾತು ಓಣಿಯಲ್ಲಿ ಕೇಳದ ಕಿವಿ ಉಳಿದಿರಲಿಲ್ಲ.

ಇಷ್ಟಕ್ಕೂ ನಂಬದವರು ಸಿಕ್ಕರೆ ಆಕೆಯ ಬಳಿ ಸಾಕ್ಷಿಯೂ ಇತ್ತು. ಸಾಕ್ಷಿಯ ಹೆಸರು ಹಜರತಅಲಿ. ಆಕೆಯ ಒಬ್ಬನೇ ಮಗ, ವಯಸ್ಸು ಇಪ್ಪತ್ತೇಳು. ಮೆಣಸಿನಕಾಯಿ ಪೇಟೆಯಲ್ಲಿ ತುಂಬಿದ ಚೀಲಗಳ ಬಾಯಿ ಹೊಲಿಯುವ ಕೆಲಸ ಅವನದು. ತಾಯಿಯ ಮುಂದೆ ಅವನು ಬಾಯಿ ತೆರೆಯುತ್ತಿದ್ದುದು ಊಟಕ್ಕೆ ಮಾತ್ರ. "ಹಜರತಾ, ತೋರ್ಸು" ಎಂದರೆ ಸಾಕು, ಅವನು ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ, ಎರಡೂ ಹೆಗಲುಗಳನ್ನು ಮುಂದಕ್ಕೆ ತಂದು ಗದ್ದದ ಕೆಳಗೆ ಒಂದಕ್ಕೊಂದು ತಾಗಿಸಿಬಿಡುತ್ತಿದ್ದ, ಬಾಗಿಲಿನ ಎರಡು ಕದ ಮುಚ್ಚಿದ ಹಾಗೆ. ನೋಡಿದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು.

"ಎಣ್ಣಿ" ಎನ್ನುತ್ತಿದ್ದಳು ಮೈಮುನಾಬಿ. "ಬರೇ ಎಣ್ಣಿ. ಹುಟ್ಟಿದ ದಿನದಿಂದ ತೀಡೀನಿ. ನನ್ನವೂ ಹಿಂಗ ಕೂಡ್ತಾವ, ನಮ್ಮವ್ವ ತೀಡಿದ್ಲು. ನಮ್ಮವ್ವಗ ಅಕಿ ಅವ್ವ ತೀಡಿದ್ಲು. ಗುತ್ತಲದಾಗ ಕೇಳ್ರಿ ಬೇಕಾದ್ರ, ನಮ್ಮ ಮನಿತನದ ಕೈ ಅದು."

ಊರಿನ ನೂರಾರು ಕೂಸುಗಳಿಗೆ ಅದೇ ಕೈ, ಅದೇ ಎಣ್ಣೆ ಬಿದ್ದಿದ್ದರೂ ಅವರಲ್ಲಿ ಒಬ್ಬರ ಹೆಗಲೂ ಹೀಗೆ ಕೂಡುತ್ತಿರಲಿಲ್ಲವೇಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಆಕೆ ಉತ್ತರ ಕೊಡುತ್ತಿದ್ದಳು. "ಮಂದಿ ಕೂಸಿಗೆ ಮೂರು ತಿಂಗಳ, ನನ್ನ ಕೂಸಿಗೆ ಮೂರು ವರ್ಷ" ಎಂಬ ಉತ್ತರ ಸಿದ್ಧವೇ ಇತ್ತು.

ಎಂಬತ್ತೈದನೆಯ ಇಸವಿಯಲ್ಲಿ ಹಜರತಅಲಿಗೆ ರಾಣೇಬೆನ್ನೂರಿನ ಮುಮ್ತಾಜಬಿಯನ್ನು ತಂದರು. ಮುಮ್ತಾಜಬಿಯ ತಾಯಿ ಅಮೀರಬಿ ಕೌದಿ ಹೊಲಿದು ಬದುಕುವ ಗಂಡಸತ್ತ ಹೆಂಗಸು. ಮಾತು ಕಡಿಮೆ, ಹೊಲಿಗೆ ಜಾಸ್ತಿ. ಪದ್ಧತಿಯ ಪ್ರಕಾರ ಚೊಚ್ಚಲ ಹೆರಿಗೆ ತವರಿನಲ್ಲಾಯಿತು. ಗಂಡು ಮಗು, ಶಾಬುದ್ದೀನ ಎಂದು ಹೆಸರಿಟ್ಟರು. ಇಲ್ಲಿಯೇ ಮೈಮುನಾಬಿಗೆ ಒಂದು ಮುಳ್ಳು ಮುರಿಯಿತು. ಊರ ಕೂಸುಗಳಿಗೆಲ್ಲ ಎರೆದ ಆಕೆ ಸ್ವಂತ ಮೊಮ್ಮಗನಿಗೆ ಮೊದಲ ಮೂರು ತಿಂಗಳು ಎರೆಯುವಂತಿರಲಿಲ್ಲ, ಗಂಡಿನ ತಾಯಿ ಬೀಗರ ಮನೆಯಲ್ಲಿ ಠಿಕಾಣಿ ಹೂಡುವುದು ಎಲ್ಲಿಯ ರೀತಿ? ಆ ಮೂರು ತಿಂಗಳು ಅಮೀರಬಿಯೇ ಕೂಸಿಗೆ ಎಣ್ಣೆ ಹಚ್ಚಿ ಎರೆದಳು.

ಕೂಸು ಬ್ಯಾಡಗಿಗೆ ಬಂದ ಎಂಟು ದಿನಕ್ಕೆ ಅದರ ಕೈ ಕತ್ತರಿ ಹಾಕಿ ಎಳೆದಾಗ ಹೆಗಲೆರಡೂ ಬೆಣ್ಣೆಯಷ್ಟು ಸಲೀಸಾಗಿ ಕೂಡಿದವು. ಮೈಮುನಾಬಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಎಂಟೇ ದಿನಕ್ಕೆ ತನ್ನ ಕೈ ಏನು ಮಾಡಿತು ನೋಡಿರಿ ಎಂದಳು. ಅದಕ್ಕೆ ಮುಂಚೆಯೂ ಅವು ಕೂಡುತ್ತಿದ್ದವೋ ಏನೋ, ಅಮೀರಬಿಗೆ ಅಂಥ ಕಸರತ್ತು ಮಾಡಿ ನೋಡುವ ಗೀಳು ಇರಲಿಲ್ಲ.

ಆದರೆ ನೆತ್ತಿ ಕೂಡಲಿಲ್ಲ.

ವರ್ಷ ತುಂಬಿತು, ಒಂದೂವರೆ ಆಯಿತು, ಎರಡಾಯಿತು. ಬೇರೆ ಕೂಸುಗಳ ನೆತ್ತಿ ಅಷ್ಟರಲ್ಲಿ ಗಟ್ಟಿಯಾಗಿ, ಅವು ತಲೆಯಿಂದ ಗೋಡೆಗೆ ಡಿಕ್ಕಿ ಹೊಡೆಯುವ ಕಾಲ. ಶಾಬುದ್ದೀನನ ನೆತ್ತಿ ಮಾತ್ರ ಎರಡು ಬೆರಳಗಲ ಮೆತ್ತಗೇ ಉಳಿದು, ಅವನು ಅತ್ತಾಗ ಪಟಪಟ ಬಡಿಯುತ್ತಿತ್ತು. ಮೈಮುನಾಬಿ ದಿನಕ್ಕೆ ಎರಡು ಸಲ ಎಣ್ಣೆ ಇಟ್ಟಳು, ಮೂರು ಸಲ ಇಟ್ಟಳು. ಹುಡುಗನ ದಿಂಬು ಹಿಂಡಿದರೆ ಒಂದು ಹೊತ್ತಿನ ಒಗ್ಗರಣೆಗೆ ಎಣ್ಣೆ ಸಿಗುವಂತಾಯಿತು. ನೆತ್ತಿ ತನ್ನ ಹಟ ಬಿಡಲಿಲ್ಲ. ಬೇಸಿಗೆಯ ಕೆಂಡದಂಥ ಬಿಸಿಲಲ್ಲೂ ಅವನ ತಲೆಗೆ ಕುಲಾವಿ ಕಟ್ಟಿ ಗದ್ದದ ಕೆಳಗೆ ಬಿಗಿಯಾಗಿ ಗಂಟು ಹಾಕುತ್ತಿದ್ದಳು. ನಡೆದಾಡುವ, ಬೈಯಲು ಕಲಿತ ಹುಡುಗ ಬಾಣಂತಿ ಕೂಸಿನ ಕುಲಾವಿ ಹಾಕಿಕೊಂಡು ಓಣಿಯಲ್ಲಿ ತಿರುಗುವುದನ್ನು ನೋಡಿ ಮಂದಿ ನಗುತ್ತಿದ್ದರು.

ಒಂದು ದಿನ ಮೈಲವ್ವ ಎಂಬ ನೆರೆಯಾಕೆ, ಸೊಸೆಗೆ ದಿನ ತುಂಬಿದ್ದರಿಂದ ಎರೆಯಲು ಹೇಳಿಹೋಗಲು ಬಂದವಳು, ಅಕ್ಕರೆಯಿಂದ ಶಾಬುದ್ದೀನನನ್ನು ಎತ್ತಿಕೊಂಡು ಕುಲಾವಿ ಬಿಚ್ಚಿದಳು. ತಲೆ ಸವರಿದ ಕೈ ಅಲ್ಲೇ ನಿಂತಿತು.

"ಏನ ಮೈಮುನಕ್ಕ, ನಿನ್ನ ಮೊಮ್ಮಗನ ನೆತ್ತೀನ ಇನ್ನೂ ಬಡ್ಯಾಕತ್ತೈತೆಲ್ಲ?"

ದೀಪದ ಬುಡದಲ್ಲಿ ಕತ್ತಲೆ ಎಂದು ಮೈಲವ್ವ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮುಂದಿನ ವಾರ ಆಕೆಯ ಮನೆಯ ಕೂಸಿಗೆ ಎರೆಯಲು ಬೇರೊಬ್ಬಳು ಹೋದದ್ದು ಮೈಮುನಾಬಿಯ ಕಿವಿಗೆ ಬಿತ್ತು. ಮೂವತ್ತು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು. ಆ ದಿನ ಆಕೆಗೆ ಅನ್ನ ಇಳಿಯಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಮಾತು ಊರಿನವರಿಗೆ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಆದರೆ ತನ್ನ ಸರದಿ ಬಂದಾಗ ನೆಲ ನಿಜವಾಗಿಯೂ ಡೊಂಕಾಗಿಯೇ ಕಾಣುತ್ತದೆ.

"ಮೊದಲನೇ ಮೂರು ತಿಂಗಳದಾಗ ನೆತ್ತಿ ಹದಾ ಹಿಡಿಬೇಕು" ಎಂದಳು ಸೊಸೆಗೆ. "ಆ ಮೂರು ತಿಂಗಳು ಕೂಸು ಯಾರ ಕೈಯಾಗ ಇತ್ತು? ನಿಮ್ಮ ಅಮ್ಮನ ಕೈಯಾಗ. ಕೌದಿ ಹೊಲಿಯೋ ಕೈ ಅದು. ಸೂಜಿ ಹಿಡಿದು ಹಿಡಿದು ಮರಗಟ್ಟೈತಿ. ಕೂಸಿನ ನೆತ್ತಿ ಅಂದ್ರ ಕೌದಿ ಏನು?"

"ಅತ್ತಿ, ನಮ್ಮ ಅಮ್ಮ ದಿನಾ ಎಣ್ಣಿ ಹಾಕ್ಯಾಳ್ರಿ."

"ಹಾಕಿದ್ರ ಯಾಕ ಕೂಡಿಲ್ಲ? ಎಲ್ಲಿ ಕೆಟ್ಟೈತೋ ಅಲ್ಲೇ ನೆಟ್ಟಗಾಗ್ಲಿ. ಕೂಸಿನ್ನ ಕರಕೊಂಡು ತವರಿಗೆ ಹೋಗು. ನೆತ್ತಿ ಕೂಡಿದ ಮ್ಯಾಲ ಬಾ."

ಮುಮ್ತಾಜಬಿ ಗಂಡನ ಮುಖ ನೋಡಿದಳು. ಗಂಡ ಚೀಲ ಹೊಲಿಯುವ ದಬ್ಬಣದ ತುದಿ ನೋಡುತ್ತ ಕೂತಿದ್ದ. ಅವಳು ಟ್ರಂಕು ಎತ್ತಿಕೊಂಡಳು. ಬಾಗಿಲು ದಾಟುವಾಗ ಶಾಬುದ್ದೀನ ಮೈಮುನಾಬಿಯ ಕಡೆ ಕೈ ಬೀಸಿ ನಕ್ಕ, ಸಂತೆಗೆ ಹೊರಟೆನೆಂದು ಅವನ ಲೆಕ್ಕ.

ನಾಲ್ಕು ತಿಂಗಳಾಯಿತು. ಮಾತು ಆಡುವಾಗ ಎರಡು ವಾರದ ಶಿಕ್ಷೆಯೆಂದು ಮೈಮುನಾಬಿ ಎಣಿಸಿದ್ದಳು. ನೆತ್ತಿ ಆ ಮಾತಿಗೆ ಒಪ್ಪಿರಲಿಲ್ಲ. ಹಜರತಅಲಿ ವಾರಕ್ಕೊಮ್ಮೆ ರಾಣೇಬೆನ್ನೂರಿಗೆ ಹೋಗಿ ಬರುತ್ತಿದ್ದ. ಬಂದ ಕೂಡಲೇ ಆಕೆ ಕೇಳುವ ಪ್ರಶ್ನೆ ಒಂದೇ, "ಕೂಡ್ತೋ?" ಅವನ ಉತ್ತರವೂ ಒಂದೇ, "ಇಲ್ಲ." ಆಮೇಲೆ ಇಬ್ಬರೂ ಊಟಕ್ಕೆ ಕೂಡುತ್ತಿದ್ದರು. ಮನೆಯಲ್ಲಿ ಹುಡುಗನ ಗಲಾಟೆ ಇಲ್ಲದೆ ಗಡಿಯಾರದ ಸಪ್ಪಳ ಕೇಳತೊಡಗಿತ್ತು. ಊರ ಕೂಸುಗಳಿಗೆ ಎರೆದು ಮನೆಗೆ ಬಂದರೆ ತನ್ನ ಬಚ್ಚಲು ಒಣಗಿ ಬಿದ್ದಿರುವುದನ್ನು ನೋಡಲಾರದೆ ಆಕೆ ಸುಮ್ಮನೆ ಎರಡು ತಂಬಿಗೆ ನೀರು ಸುರಿಯುತ್ತಿದ್ದಳು. ಹೋಗಿ ಕರೆದುಕೊಂಡು ಬರೋಣವೆಂದರೆ ಉಗುಳಿದ್ದನ್ನು ನೆಕ್ಕಿದಂತಾಗುತ್ತದೆ.

ಆಷಾಢದ ಒಂದು ದಿನ, ಎಂದೂ ಬಾಯಿ ಬಿಡದ ಹಜರತಅಲಿ ಊಟದ ನಡುವೆ ಬಾಯಿ ಬಿಟ್ಟ.

"ಅಮ್ಮಾ, ರಾಣೇಬೆನ್ನೂರು ಪೇಟ್ಯಾಗೂ ಚೀಲ ಹೊಲಿಯೋ ಕೆಲಸ ಐತಂತ."

"ಇದ್ರ?"

"ಇದ್ರ... ನಾನೂ ಅಲ್ಲೇ ಇರ್ತೀನಿ ಅಂತ ಮಾಡೇನಿ. ದೀಪಾವಳಿ ಒಳಗ ಅವರು ಬರದಿದ್ರ."

ಮೈಮುನಾಬಿಯ ಕೈಯಲ್ಲಿದ್ದ ತುತ್ತು ಗಂಗಾಳಕ್ಕೆ ಬಿತ್ತು. ಸೊಸೆಯನ್ನು ಕಳಿಸಿ ಮೊಮ್ಮಗನನ್ನು ಕಳೆದುಕೊಂಡಿದ್ದಳು, ಈಗ ಮಗನೂ ಕೈಬಿಟ್ಟು ಹೋಗುವುದರಲ್ಲಿದ್ದ. ಅದೆಲ್ಲ ಎರಡು ಬೆರಳಗಲ ನೆತ್ತಿಯಲ್ಲಿ ಸಿಕ್ಕಿಕೊಂಡಿತ್ತು.

ಶ್ರಾವಣದಲ್ಲಿ ಹಜರತಅಲಿ ಕೆಲಸ ಮಾಡುವ ದಲಾಲಿ ಅಂಗಡಿಗೆ ಫೋನು ಬಂತು. ಶಾಬುದ್ದೀನ ಅಜ್ಜಿಯ ಕೌದಿಗಳ ಒಟ್ಟಿಲು ಹತ್ತಿ ಕೆಳಗೆ ಬಿದ್ದಿದ್ದಾನೆ, ಎಡಗೈ ಎತ್ತುತ್ತಿಲ್ಲ, ಎಲುಬಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದೇವೆ ಎಂದು ಸುದ್ದಿ. ಮೈಮುನಾಬಿಯೂ ಮಗನ ಹಿಂದೆ ಬಸ್ಸು ಹತ್ತಿದಳು. ಮೋಟೆಬೆನ್ನೂರು ಬರುವವರೆಗೆ ಅತ್ತಳು. ಮೋಟೆಬೆನ್ನೂರು ದಾಟಿದ ಮೇಲೆ, ತಪ್ಪು ಬೀಗತಿಯ ಮನೆಯಲ್ಲೇ ನಡೆದಿದೆ ಎಂಬುದು ನೆನಪಾಗಿ ಸ್ವಲ್ಪ ಸಮಾಧಾನವಾಯಿತು. ರಾಣೇಬೆನ್ನೂರು ಬರುವಷ್ಟರಲ್ಲಿ ಆಡಬೇಕಾದ ಮಾತುಗಳೆಲ್ಲ ಸಾಲಾಗಿ ನಿಂತಿದ್ದವು.

ದವಾಖಾನೆಯ ಬೆಂಚಿನ ಮೇಲೆ ಅಮೀರಬಿ, ಮುಮ್ತಾಜಬಿ ಕೂತಿದ್ದರು. ಶಾಬುದ್ದೀನ ಮೈಮುನಾಬಿಯನ್ನು ಕಂಡದ್ದೇ ತಡ, ನೋವು ಮರೆತು ಎರಡೂ ಕೈ ಚಾಚಿದ. ಎಡಗೈ ಚೆನ್ನಾಗಿಯೇ ಮೇಲೆದ್ದಿತು. ಸಾಲಾಗಿ ನಿಂತ ಮಾತುಗಳಲ್ಲಿ ಅರ್ಧ ಅಲ್ಲೇ ಕೆಲಸಕ್ಕೆ ಬಾರದವಾದವು. ಆದರೂ ಬಂದದ್ದಕ್ಕೆ ಒಂದು ಎಕ್ಸರೇ ಆಗಲಿ ಎಂದರು ಡಾಕ್ಟರು. ತೆಗೆಯುವವನು ಕೊಟ್ರಪ್ಪ, ಹನ್ನೆರಡು ವರ್ಷದಿಂದ ಅದೇ ಮಷಿನ್ನಿನ ಹಿಂದೆ ನಿಂತವನು. ಇಷ್ಟು ವರ್ಷದಲ್ಲಿ ಒಂದು ಫಿಲ್ಮೂ ಕೆಡಿಸಿಲ್ಲ ಎಂಬ ಹೆಮ್ಮೆ ಅವನಿಗೆ.

ಫಿಲ್ಮು ತೊಳೆದು, ಹಸಿ ಇರುವಾಗಲೇ ಕ್ಲಿಪ್ಪಿನಲ್ಲಿ ಹಿಡಿದುಕೊಂಡು ಹೊರಗೆ ಬಂದ ಕೊಟ್ರಪ್ಪನ ಮುಖ ಬಾಡಿತ್ತು.

"ಡಾಕ್ಟರ್ ಸಾಹೇಬ್ರ, ಫಿಲ್ಮ್ ಕೆಟ್ಟೈತ್ರಿ. ಕೊರಳೆಲುವು ಬಂದಿಲ್ಲ."

ಕುತ್ತಿಗೆಯ ಬುಡದಿಂದ ಹೆಗಲಿನವರೆಗೆ ಎರಡೂ ಕಡೆ ಅಡ್ಡ ಹೋಗುವ ಎಲುಬು ಅದು. ಡಾಕ್ಟರು ಇನ್ನೊಂದು ತೆಗೆಯಲು ಹೇಳಿದರು. ಕೊಟ್ರಪ್ಪ ಹುಡುಗನನ್ನು ನೆಟ್ಟಗೆ ಮಲಗಿಸಿ, ಪಕ್ಕೆಗೆ ದಿಂಬು ಕೊಟ್ಟು, ಬಾಯಲ್ಲಿ ಪೆಪ್ಪರಮಿಂಟು ಇಟ್ಟು, ಉಸಿರು ಬಿಗಿಹಿಡಿದು ಇನ್ನೊಂದು ತೆಗೆದ. ಉಸಿರು ಬಿಗಿಹಿಡಿಯಬೇಕಾದವನು ಹುಡುಗ, ಆದರೆ ಕೊಟ್ರಪ್ಪನೇ ಹಿಡಿದಿದ್ದ. ಎರಡನೆಯದರಲ್ಲೂ ಪಕ್ಕೆಲುಬು ಬಂದಿದ್ದವು, ಬೆನ್ನೆಲುಬು ಬಂದಿತ್ತು, ನುಂಗಿದ ಒಂದು ಗುಂಡಿಯೂ ಬಂದಿತ್ತು. ಕೊರಳೆಲುಬು ಮಾತ್ರ ಎರಡೂ ಕಡೆ ಇರಲಿಲ್ಲ.

"ಕರೆಂಟ್ ಡಿಮ್ ಐತ್ರಿ ಇವತ್ತು" ಎಂದ ಕೊಟ್ರಪ್ಪ. ಅವನಿಗೂ ನೆಲ ಡೊಂಕಾಗಿ ಕಂಡಿತ್ತು.

ಡಾಕ್ಟರು ಫಿಲ್ಮನ್ನು ಬೆಳಕಿನ ಡಬ್ಬಿಗೆ ಸಿಕ್ಕಿಸಿ ಬಹಳ ಹೊತ್ತು ನೋಡಿದರು. ಹುಡುಗನ ಕುಲಾವಿ ಬಿಚ್ಚಿಸಿ ನೆತ್ತಿ ಮುಟ್ಟಿದರು. ಆಮೇಲೆ ಕೇಳಿದರು, "ಈ ಹುಡುಗನ ಎರಡೂ ಹೆಗಲು ಮುಂದ ತಂದ್ರ ಒಂದಕ್ಕೊಂದು ಕೂಡ್ತಾವೇನ?"

ಮೈಮುನಾಬಿಗೆ ಅಷ್ಟು ಸಾಕಾಯಿತು. ಬೆಂಚಿನಿಂದ ಎದ್ದೇಬಿಟ್ಟಳು.

"ಕೂಡದ ಏನ್ರೀ? ಈ ಕೈಲೆ ತೀಡೀನಿ. ಹೆಗಲು ನನ್ನ ಕೈಗುಣ, ನೆತ್ತಿ ನಮ್ಮ ಬೀಗತಿ ಕೈಗುಣ. ಒಂದ ಕೂಸಿನ ಮ್ಯಾಲ ಎರಡೂ ನೋಡ್ರಿ. ಹಜರತಾ, ತೋರ್ಸು."

ಹಜರತಅಲಿ ಗುಂಡಿ ಬಿಚ್ಚಿ ತೋರಿಸಿದ. ಡಾಕ್ಟರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಅವರ ಮುಖದಲ್ಲಿ ಮೂಡಿದ ಬೆರಗನ್ನು ಮೈಮುನಾಬಿ ಮೆಚ್ಚುಗೆಯೆಂದು ತಿಳಿದಳು. ಐವತ್ತನಾಲ್ಕು ವರ್ಷದ ಹೆಂಗಸು, ಸೆರಗು ಬಿಗಿದುಕೊಂಡು, ತಾನೂ ಹೆಗಲು ಕೂಡಿಸಿ ತೋರಿಸಿದಳು. ಬಾಗಿಲಲ್ಲಿ ಸರದಿ ಕಾಯುತ್ತಿದ್ದ ಇಬ್ಬರು ಕುಂಟರು ಒಳಗೆ ಇಣುಕಿದರು.

"ನಿಮ್ಮ ಮಷಿನ್ನಿನಾಗ ನನ್ನ ಫೋಟೋ ತಗೀರಿ, ಸಾಹೇಬ್ರ" ಎಂದಳು. "ನೆಟ್ಟಗ ಎರದ ಮೈ ಒಳಗ ಹೆಂಗಿರತೈತಿ ಅನ್ನೋದನ್ನ ನಮ್ಮ ಬೀಗತಿ ಒಮ್ಮೆ ಕಣ್ಣಿಲೆ ನೋಡ್ಲಿ."

"ಅಮ್ಮಾ, ಬ್ಯಾಡ" ಎಂದ ಹಜರತಅಲಿ. ಅವನ ಮಾತನ್ನು ಆಕೆ ಎಂದು ಕೇಳಿದ್ದಳು? ಡಾಕ್ಟರು ಕೊಟ್ರಪ್ಪನಿಗೆ ಕಣ್ಸನ್ನೆ ಮಾಡಿದರು. ತಣ್ಣನೆಯ ತಗಡಿಗೆ ಎದೆ ಒತ್ತಿ ನಿಂತಾಗ ಮೈಮುನಾಬಿ ಕೊಟ್ರಪ್ಪನಿಗೆ, "ಚೊಲೋ ಬರಬೇಕು ಮತ್ತ" ಎಂದು ತಾಕೀತು ಮಾಡಿದಳು.

ಚೊಲೋ ಬಂತು. ಕೊಟ್ರಪ್ಪ ಹನ್ನೆರಡು ವರ್ಷದಲ್ಲಿ ತೆಗೆದದ್ದರಲ್ಲಿ ಇದಕ್ಕಿಂತ ಸ್ವಚ್ಛವಾದ ಫಿಲ್ಮು ಇರಲಿಕ್ಕಿಲ್ಲ. ಮೊಮ್ಮಗನದರ ಪಕ್ಕದಲ್ಲಿ ಅಜ್ಜಿಯದನ್ನು ಸಿಕ್ಕಿಸಿದರು. ದೊಡ್ಡದು, ಸಣ್ಣದು ಎಂಬುದನ್ನು ಬಿಟ್ಟರೆ ಬೇರೆ ವ್ಯತ್ಯಾಸವಿರಲಿಲ್ಲ. ಎರಡರಲ್ಲೂ ಕೊರಳೆಲುಬಿನ ಜಾಗ ಖಾಲಿ ಇತ್ತು. ಅಜ್ಜಿಯದರಲ್ಲಿ ಒಂದು ಕಡೆ ಬೆರಳ ತುದಿಯಷ್ಟು ಚೂರು ಇತ್ತು, ಅಷ್ಟೇ.

ಕೊಟ್ರಪ್ಪನ ಮುಖಕ್ಕೆ ಜೀವ ಬಂತು. "ಹಂಗಾದ್ರ ಫಿಲ್ಮ್ ಕೆಟ್ಟಿಲ್ಲರಿ!" ಎಂದ.

ಡಾಕ್ಟರು ಎಲ್ಲರನ್ನೂ ಕೂಡಿಸಿ ನಿಧಾನವಾಗಿ ಹೇಳಿದರು. ಇದು ರೋಗವೆನ್ನುವುದಕ್ಕಿಂತ ಹುಟ್ಟಿನಿಂದಲೇ ಬರುವ ಒಂದು ರಚನೆ. ಕೊರಳೆಲುಬು ಬೆಳೆಯುವುದಿಲ್ಲ, ಅದಕ್ಕೇ ಹೆಗಲು ಕೂಡುತ್ತವೆ. ನೆತ್ತಿಯೂ ಅದೇ ಕಾರಣಕ್ಕೆ ಬಹಳ ವರ್ಷ ತೆರೆದಿರುತ್ತದೆ, ಹಜರತಅಲಿಗಾದ ಹಾಗೆ ಕೆಲವರಲ್ಲಿ ಬೇಗ ಕೂಡುವುದೂ ಉಂಟು, ಕೆಲವರಲ್ಲಿ ಕೊನೆಯವರೆಗೂ ಪೂರ್ತಿ ಮುಚ್ಚುವುದಿಲ್ಲ. ಹಾಲುಹಲ್ಲು ಬೇಗ ಬೀಳುವುದಿಲ್ಲ. ಬುದ್ಧಿಗೆ ಏನೂ ಕೊರತೆಯಿಲ್ಲ, ಆಯುಷ್ಯಕ್ಕೂ ಇಲ್ಲ. ತಲೆಗೆ ಪೆಟ್ಟಾಗದಂತೆ ನೋಡಿಕೊಳ್ಳಬೇಕು, ಹಲ್ಲಿನ ಡಾಕ್ಟರಿಗೆ ತೋರಿಸುತ್ತಿರಬೇಕು.

"ನಾನೂ ಇದನ್ನ ಪುಸ್ತಕದಾಗ ಅಷ್ಟ ನೋಡಿದ್ದೆ" ಎಂದರು. "ಒಂದ ದಿನದಾಗ ಮೂರು ಮಂದೀನ ನೋಡ್ತೀನಿ ಅಂದ್ಕೊಂಡಿರ್ಲಿಲ್ಲ. ಇದು ರಕ್ತದಾಗ ಇಳಿದು ಬರತೈತಿ. ತಾಯಿಗೋ ತಂದಿಗೋ ಇದ್ರ ಹುಟ್ಟೋ ಕೂಸಿಗೆ ಬಂದ್ರ ಬಂತು, ಬಿಟ್ರ ಬಿಡ್ತು."

ಮುಮ್ತಾಜಬಿಯ ಕುತ್ತಿಗೆಯ ಕೆಳಗೆ ಬೆರಳಿಟ್ಟು ನೋಡಿದರು. ಎರಡೂ ಕಡೆ ಎಲುಬು ಇದ್ದವು. ಅಮೀರಬಿಯದನ್ನು ಮುಟ್ಟಿ ನೋಡುವ ಅಗತ್ಯವೇ ಇರಲಿಲ್ಲ, ಕೌದಿ ಹೊಲಿದು ಬಡಕಲಾದ ಆಕೆಯ ಕೊರಳೆಲುಬುಗಳು ಬಾಗಿಲವರೆಗೆ ಕಾಣುತ್ತಿದ್ದವು.

ಮೈಮುನಾಬಿ ಎರಡು ಫಿಲ್ಮುಗಳನ್ನೂ ನೋಡಿದಳು. ಅವ್ವನ ಹೆಗಲು, ಅವ್ವನ ಅವ್ವನ ಹೆಗಲು, ಜೀಪಿನಲ್ಲಿ ಕೂತು ಹೋದದ್ದು, ಎಲ್ಲವೂ ಆ ಕಪ್ಪು ಹಾಳೆಯ ಖಾಲಿ ಜಾಗದಲ್ಲಿ ಒಂದೊಂದಾಗಿ ಇಳಿದುಹೋದವು.

"ಹಂಗಾರ ಎಣ್ಣಿ?" ಎಂದಳು ಸಣ್ಣ ದನಿಯಲ್ಲಿ.

"ಎಣ್ಣಿ ಚರ್ಮಕ್ಕ ಚೊಲೋ" ಎಂದರು ಡಾಕ್ಟರು. ಅವರು ಕೆಟ್ಟ ಮನುಷ್ಯರಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದರು.

ದವಾಖಾನೆಯಿಂದ ಅಮೀರಬಿಯ ಮನೆಗೆ ನಡೆದು ಹೋಗುವಾಗ ಮೈಮುನಾಬಿ ಎಲ್ಲರಿಗಿಂತ ಹಿಂದೆ ಉಳಿದಳು. ಸೆರಗು ಸರಿಪಡಿಸಿಕೊಳ್ಳುವ ನೆಪದಲ್ಲಿ ತನ್ನ ನೆತ್ತಿಯ ಮೇಲೆ ಬೆರಳಾಡಿಸಿದಳು. ಅಲ್ಲೊಂದು ತಗ್ಗು ಇತ್ತು. ಇರುವುದು ಹಿಂದಿನಿಂದಲೂ ಗೊತ್ತಿತ್ತು. ಚಿಕ್ಕಂದಿನಲ್ಲಿ ಗುತ್ತಲದ ಬಾವಿಯಿಂದ ನೀರು ಹೊತ್ತು ಹೊತ್ತು ಬಿದ್ದ ತಗ್ಗೆಂದು ನಂಬಿದ್ದಳು. ಈಗ ಒತ್ತಿ ನೋಡಿದರೆ ಬೆರಳ ಕೆಳಗೆ ಎಲುಬು ಸಿಗಲಿಲ್ಲ. ಆಕೆ ದಾರಿಬದಿಯ ಒಂದು ಕಟ್ಟೆಯ ಮೇಲೆ ಕೂತಳು. ಮಗ ಹಿಂತಿರುಗಿ ಬಂದು ಕೈ ಹಿಡಿದು ಎಬ್ಬಿಸಿಕೊಂಡು ಹೋದ.

ಅಮೀರಬಿ ಒಂದು ಮಾತಾದರೂ ಚುಚ್ಚಿದ್ದರೆ ಅನುಕೂಲವಾಗುತ್ತಿತ್ತು. ಚುಚ್ಚಿದ್ದರೆ ತಿರುಗಿ ಚುಚ್ಚಬಹುದಿತ್ತು, ಆ ವಿದ್ಯೆಯಲ್ಲಿ ಮೈಮುನಾಬಿ ಯಾರಿಗೂ ಸೋತವಳಲ್ಲ. ಆಕೆ ಚುಚ್ಚಲಿಲ್ಲ. ಹೊಸ ಕೌದಿ ಹಾಸಿ ಕೂಡಿಸಿ ಚಹಾ ತಂದಿಟ್ಟಳು. ಐದು ತಿಂಗಳಿಂದ ಈ ಮನೆಯ ನೀರೂ ಮುಟ್ಟದ ಮೈಮುನಾಬಿ ಕಪ್ಪನ್ನು ತಿರುಗಿಸುತ್ತ ಕೂತಳು.

"ಆರರ ಬಸ್ಸಿಗೆ ಹೋಗೂಣು" ಎಂದಳು ಕೊನೆಗೆ, ಸೊಸೆಯ ಕಡೆ ನೋಡದೆ. "ಅರಬಿ-ಬಟ್ಟಿ ಕಟ್ಕೋ."

ಮುಮ್ತಾಜಬಿ ಕಂಬಕ್ಕೆ ಒರಗಿ ನಿಂತಿದ್ದಳು. ಮಗ ಅವಳ ಸೀರೆಯ ನೆರಿಗೆ ಹಿಡಿದು ಜೋಲಿ ಹೊಡೆಯುತ್ತಿದ್ದ.

"ನೆತ್ತಿ ಇನ್ನೂ ಕೂಡಿಲ್ಲಲ್ರಿ, ಅತ್ತಿ."

ದನಿಯಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ಹಜರತಅಲಿ ಚಹಾದ ಕಪ್ಪಿನೊಳಗೆ ಮುಖ ಹುದುಗಿಸಿದ. ಮೈಮುನಾಬಿ ಸೊಸೆಯನ್ನು ನೋಡಿದಳು.

"ನಂದೂ ಕೂಡಿಲ್ಲವಾ" ಎಂದಳು. "ಮೂವತ್ತೈದು ವರ್ಷಾತು, ಅದ ಮನ್ಯಾಗ ಬಾಳೇವು ಮಾಡಾಕತ್ತೇನಿ. ನನಗ ಯಾರೂ ಹೊರಗ ಹೋಗು ಅನ್ಲಿಲ್ಲ."

ಹೇಳಿದ ಮೇಲೆ ಅದು ಎಷ್ಟು ದೊಡ್ಡ ಮಾತೆಂದು ಆಕೆಗೇ ಹೊಳೆಯಿತು. ಮುಮ್ತಾಜಬಿ ಕಂಬ ಬಿಟ್ಟು ಅಲುಗಲಿಲ್ಲ.

"ಇದನ್ನ ನನಗ ಹೇಳಬ್ಯಾಡ್ರಿ. ನಾ ಬರ್ತೀನಿ, ಇಲ್ಲ ಅನ್ನಂಗಿಲ್ಲ. ಆದ್ರ ಐದು ತಿಂಗಳ ಮಂದಿ ಬಾಯಾಗ ಬಿದ್ದಾಕಿ ನಮ್ಮ ಅಮ್ಮ. ಕೈ ಮರಗಟ್ಟೈತಿ ಅಂತ ಅಂದದ್ದು ಅಕಿಗೆ."

"ಸುಮ್ಕಿರ ಮುಮ್ತಾಜ" ಎಂದಳು ಅಮೀರಬಿ. "ಆದದ್ದು ಆಗಿಹೋತು."

ಮೈಮುನಾಬಿ ಎದ್ದಳು. ತಪ್ಪಾಯಿತು ಎಂಬ ಎರಡು ಪದ ಬ್ಯಾಡಗಿಯಿಂದ ರಾಣೇಬೆನ್ನೂರಿನವರೆಗೆ ಹುಡುಕಿದರೂ ಆಕೆಯ ಬಾಯಿಗೆ ಸಿಗುತ್ತಿರಲಿಲ್ಲ, ಹುಟ್ಟಿನಿಂದಲೇ ಅಭ್ಯಾಸವಿಲ್ಲ. ಆಕೆ ಹಿತ್ತಲಿನ ಬಚ್ಚಲಿಗೆ ಹೋಗಿ ಕಲ್ಲಿನ ಮೇಲೆ ಕೂತಳು. ಸೆರಗು ಸರಿಸಿ, ತುರುಬು ಬಿಚ್ಚಿ, ನರೆತ ಕೂದಲನ್ನು ಬೆನ್ನಿಗೆ ಹಾಕಿಕೊಂಡಳು.

"ಬೀಗತಿ" ಎಂದು ಕೂಗಿದಳು. "ಎಣ್ಣಿ ಬಟ್ಟಲಾ ತಗೊಂಡು ಬರ್ರಿ. ನನ್ನ ನೆತ್ತಿಗೆ ಹಾಕ್ರಿ."

ಅಮೀರಬಿ ಬಟ್ಟಲು ಹಿಡಿದು ಬಂದವಳು ಹಿಂಜರಿದಳು. "ನಿಮ್ಮ ತಲಿ ಮುಟ್ಟಾಕ ನನಗ ಅಂಜಿಕಿ ಬರತೈತ್ರಿ, ಅಕ್ಕಾರ."

"ಅಂಜಬ್ಯಾಡ್ರಿ. ಕೂಸಿಗೆ ಹಾಕಿದಂಗ ಹಾಕ್ರಿ."

ಅಮೀರಬಿ ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ನೆತ್ತಿಯ ಮೇಲಿಟ್ಟಳು. ಬೆರಳು ಆ ತಗ್ಗನ್ನು ಹುಡುಕಿ, ಅಲ್ಲಿ ಭಾರ ಹಾಕದೆ, ಸುತ್ತಲೂ ಮೆಲ್ಲಗೆ ತಿರುಗಿತು. ಮೈಮುನಾಬಿ ಕಣ್ಣು ಮುಚ್ಚಿದಳು. ಬ್ಯಾಡಗಿಯ ಅರ್ಧ ಊರಿಗೆ ಎಣ್ಣೆ ಹಚ್ಚಿದವಳ ತಲೆಯನ್ನು ಅವ್ವ ಸತ್ತ ಮೇಲೆ ಯಾರೂ ಮುಟ್ಟಿರಲಿಲ್ಲ. ಆಕೆಗೆ ಅಳು ಬಂತು, ತಡೆಯಲಿಲ್ಲ. ಕೈಯ ಬಗ್ಗೆ ಆಕೆಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಇದು ಒಳ್ಳೆಯ ಕೈ. ಮೊದಲ ಸಲ ಕೂಸನ್ನು ಈ ಕೈಯಿಂದ ಇಸಿದುಕೊಂಡ ದಿನವೇ ಅದು ಆಕೆಗೆ ತಿಳಿದಿತ್ತು.

"ಕೈ ಹಗುರ ಐತ್ರಿ ನಿಮ್ದು" ಎಂದಳು ಜೋರಾಗಿ, ಒಳಗಿನವರಿಗೂ ಕೇಳಲೆಂದೇ. "ನಾ ಸುಳ್ಳು ಹೇಳಿದ್ದೆ."

ಅಮೀರಬಿ ಇನ್ನಷ್ಟು ಎಣ್ಣೆ ಹಾಕಿದಳು. ಮುಮ್ತಾಜಬಿ ಬಚ್ಚಲಿನ ಬಾಗಿಲಿಗೆ ಬಂದು ನಿಂತಿದ್ದಳು.

"ನಾಳೆ ಬ್ಯಾಡಗ್ಯಾಗ ಕೂಸಿನ ನೆತ್ತಿ ನೋಡಿ ಮಂದಿ ಕೇಳಿದ್ರ ಏನ್ ಹೇಳೂದ್ರಿ, ಅತ್ತಿ?"

ಎಣ್ಣೆ ಮೈಮುನಾಬಿಯ ಹಣೆಗೆ ಇಳಿಯುತ್ತಿತ್ತು. ಆಕೆ ಒರೆಸಿಕೊಳ್ಳಲಿಲ್ಲ.

"ನಮ್ಮ ಅತ್ತಿ ಕಡಿಂದ ಬಂದದ್ದು ಅಂತ ಹೇಳು. ನಂಬದಿದ್ರ ನನ್ನ ಹತ್ರ ಕಳಸು, ತಲಿ ಮುಟ್ಟಿ ನೋಡಿ ಹೋಗ್ಲಿ."

ಮುಮ್ತಾಜಬಿ ಒಳಗೆ ಹೋಗಿ ಅಟ್ಟದ ಮೇಲಿನ ಟ್ರಂಕು ಇಳಿಸತೊಡಗಿದಳು.